ಎಚ್2ಜಿ2: ತಿದ್ದಿದವರ ಹೆಸರನ್ನೂ ಹಾಕುತ್ತಿದ್ದ ವಿಶ್ವಕೋಶ

ನಾನು ಮೈಸೂರಿನಲ್ಲಿ ಕರಡು ತಿದ್ದುವ ಕೆಲಸ ಮಾಡುತ್ತೇನೆ. ದಿನಕ್ಕೆ ಮೂವತ್ತು ನಲವತ್ತು ಪುಟ ಕಣ್ಣ ಮುಂದೆ ಹಾದು ಹೋಗುತ್ತವೆ. ಒತ್ತಕ್ಷರ ತಪ್ಪಿದ್ದು, ಒಂದೇ ಊರಿನ ಹೆಸರು ಎರಡು ಪುಟದಲ್ಲಿ ಎರಡು ಥರ ಇರೋದು, ವಾಕ್ಯದ ಕ್ರಿಯಾಪದವೇ ಕಳೆದುಹೋಗಿರೋದು, ಇವನ್ನೆಲ್ಲ ಹಿಡಿಯೋದು ನನ್ನ ಕೆಲಸ. ಈ ಕೆಲಸದ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಯಾವುದೋ ಪ್ರೆಸ್ಸಿನಲ್ಲಲ್ಲ. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಒಂದು ಬಾಡಿಗೆ ಮನೆಯಲ್ಲಿ ಕೂತು, ಎಚ್2ಜಿ2 ಅನ್ನೋ ಆನ್‌ಲೈನ್ ವಿಶ್ವಕೋಶ ಓದುತ್ತಾ ಹುಟ್ಟಿದ್ದು. ಅದು ಈಗಲೂ ಇದೆ. ಮೊನ್ನೆ ಎರಡು ಮೂರು ದಿನ ಮತ್ತೆ ಅಲ್ಲೇ ಓಡಾಡಿದೆ. ಅದಕ್ಕೇ ಈ ವಿಮರ್ಶೆ.

2003ರ ಚಳಿಗಾಲ. ನಮ್ಮವರು ಬೆಳಗ್ಗೆ ಕೆಲಸಕ್ಕೆ ಹೋದರೆ ಬರುವಾಗ ರಾತ್ರಿ. ಅಲ್ಲಿ ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೆಲ್ಲ ಕತ್ತಲು. ಹಾಸನದಿಂದ ಹೋದ ನನಗೆ ಆ ಕತ್ತಲು ಅಭ್ಯಾಸ ಆಗಲೇ ಇಲ್ಲ. ಚಹಾ ಮಾಡೋದು ಹೇಗೆ ಅಂತ ಇಂಗ್ಲಿಷರು ಯಾಕೆ ಅಷ್ಟು ವಾದ ಮಾಡುತ್ತಾರೆ ಅನ್ನೋ ಕುತೂಹಲಕ್ಕೆ ಒಂದು ದಿನ ಹುಡುಕಿದೆ. ಸಿಕ್ಕಿದ್ದು ಎಚ್2ಜಿ2ನಲ್ಲಿ ಇಂಗ್ಲಿಷ್ ಲೇಖಕ ಡಗ್ಲಸ್ ಆಡಮ್ಸ್ ಬರೆದ ‘ಟೀ’ ಅನ್ನೋ ಪುಟ್ಟ ಬರಹ.

ಅದರಲ್ಲಿ ಇದ್ದದ್ದು ಇಷ್ಟು. ಮಾರ್ಕ್ಸ್ ಅಂಡ್ ಸ್ಪೆನ್ಸರ್ ಅಂಗಡಿಗೆ ಹೋಗಿ ಅರ್ಲ್ ಗ್ರೇ ಚಹಾದ ಪ್ಯಾಕೆಟ್ ತನ್ನಿ. ಕೆಟಲ್‌ನಲ್ಲಿ ನೀರಿಡಿ. ಅದು ಕಾಯುವಷ್ಟರಲ್ಲಿ ಪ್ಯಾಕೆಟ್ ಒಡೆದು ವಾಸನೆ ನೋಡಿ. ಸ್ವಲ್ಪ ಬಿಸಿನೀರು ಹಾಕಿ ಟೀ ಪಾಟ್ ಬೆಚ್ಚಗೆ ಮಾಡಿ ಚೆಲ್ಲಿ. ಆಮೇಲೆ ಪಾಟ್‌ಗೆ ಚಹಾ ಹಾಕಿ, ಕೆಟಲ್ ಮತ್ತೆ ಕುದಿಸಿ ತಕ್ಷಣ ಸುರಿಯಿರಿ. ಯಾಕೆಂದರೆ ಎಲೆಗೆ ತಾಗುವಾಗ ನೀರು ಕುದಿಯುತ್ತಿರಬೇಕು, ಕುದಿದು ಮುಗಿದ ನೀರಾಗಿರಬಾರದು. ಹಾಲು ಹಾಕೋದಾದರೆ ಕಪ್ಪಿಗೆ ಮೊದಲು ಹಾಲು, ಮೇಲೆ ಚಹಾ.

‘ಕುದಿಯುವ’ ಮತ್ತು ‘ಕುದಿದ’. ಎರಡಕ್ಷರದ ವ್ಯತ್ಯಾಸ. ಅದರಲ್ಲೇ ಚಹಾದ ರುಚಿ ಇದೆ ಅಂತ ಆ ಮನುಷ್ಯ ಹೇಳುತ್ತಿದ್ದ. ಹಾಲು, ನೀರು, ಸೊಪ್ಪು, ಸಕ್ಕರೆ ಎಲ್ಲ ಒಂದೇ ಪಾತ್ರೆಗೆ ಹಾಕಿ ಕುದಿಸೋ ಮನೆಯಿಂದ ಬಂದವಳು ನಾನು. ಆದರೂ ಆ ದಿನ ಅವನು ಹೇಳಿದ ಹಾಗೇ ಮಾಡಿ ಕುಡಿದೆ. ಕಿಟಕಿ ಹತ್ತಿರ ನಿಂತು ಕುಡಿದದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಎಚ್2ಜಿ2 ಅಂದರೆ ಏನು ಅಂತ ಹೇಳಿಬಿಡುತ್ತೇನೆ. ಆಡಮ್ಸ್ ಬರೆದ ‘ದ ಹಿಚ್‌ಹೈಕರ್ಸ್ ಗೈಡ್ ಟು ದ ಗ್ಯಾಲಕ್ಸಿ’ 1978ರಲ್ಲಿ ಬಿಬಿಸಿ ರೇಡಿಯೋದಲ್ಲಿ ಶುರುವಾದ ಕಥೆ. ಅದರಲ್ಲಿ ಕೈಯಲ್ಲಿ ಹಿಡಿದು ಓದೋ ಒಂದು ಯಂತ್ರ ಬರುತ್ತದೆ. ಇಡೀ ಬ್ರಹ್ಮಾಂಡದ ಮಾಹಿತಿ ಅದರಲ್ಲಿ. ಮೇಲೆ ದೊಡ್ಡದಾಗಿ ‘ಗಾಬರಿ ಬೇಡ’ ಅಂತ ಬರೆದಿರುತ್ತದೆ. ಹೆಸರಿನ ಎರಡು ಎಚ್, ಎರಡು ಜಿ ಸೇರಿಸಿದರೆ ಎಚ್2ಜಿ2. ಆ ಯಂತ್ರವನ್ನು ಭೂಮಿಯ ಮಟ್ಟಿಗಾದರೂ ನಿಜ ಮಾಡೋಣ ಅಂತ ಆಡಮ್ಸ್ ಮತ್ತು ಅವನ ಕಂಪನಿ ‘ದ ಡಿಜಿಟಲ್ ವಿಲೇಜ್’ 1999ರ ಏಪ್ರಿಲ್ 28ರಂದು ಇದನ್ನು ಶುರು ಮಾಡಿದರು. ವಿಕಿಪೀಡಿಯ ಬಂದದ್ದು 2001ರ ಜನವರಿ 15ಕ್ಕೆ. ಅಂದರೆ ಇದು ಒಂದೂ ಮುಕ್ಕಾಲು ವರ್ಷ ದೊಡ್ಡದು. ಸಾಮಾನ್ಯ ಜನ ಸೇರಿ ನೆಟ್‌ನಲ್ಲಿ ವಿಶ್ವಕೋಶ ಬರೆಯಬಹುದು ಅಂತ ಮೊದಮೊದಲು ಮಾಡಿ ತೋರಿಸಿದವರಲ್ಲಿ ಇವರು ಸೇರುತ್ತಾರೆ.

ಬರೆಯುವವರನ್ನು ‘ರಿಸರ್ಚರ್’ ಅನ್ನುತ್ತಿದ್ದರು. ಪ್ರತಿಯೊಬ್ಬರಿಗೂ ಒಂದು ನಂಬರ್. ಆಡಮ್ಸ್ ನಂಬರ್ 42. ಅವನ ಕಥೆಯಲ್ಲಿ ಬದುಕು, ಬ್ರಹ್ಮಾಂಡ, ಎಲ್ಲದರ ಬಗೆಗಿನ ಕೊನೆಯ ಪ್ರಶ್ನೆಗೆ ಸಿಗೋ ಉತ್ತರ ಆ ಸಂಖ್ಯೆ. ಶಾಲೆ ಮಕ್ಕಳು, ರಿಟೈರ್ ಆದ ಮೇಷ್ಟ್ರುಗಳು, ರಾತ್ರಿ ಪಾಳಿ ಮುಗಿಸಿ ಬಂದ ನರ್ಸ್‌ಗಳು, ಎಲ್ಲರೂ ರಿಸರ್ಚರ್‌ಗಳೇ.

ಆದರೆ ಬರೆದದ್ದೆಲ್ಲ ಮುಖಪುಟಕ್ಕೆ ಬರುತ್ತಿರಲಿಲ್ಲ. ಇಲ್ಲೇ ನನಗೆ ಈ ಜಾಗ ಇಷ್ಟವಾಗಿದ್ದು. ನಿಮ್ಮ ಬರಹವನ್ನು ನೀವೇ ‘ಪಿಯರ್ ರಿವ್ಯೂ’ಗೆ ಇಡಬೇಕು. ಅಲ್ಲಿ ಯಾರು ಬೇಕಾದರೂ ಓದಿ ಹೇಳಬಹುದು. ಇಲ್ಲಿ ಅರ್ಥ ಆಗಲಿಲ್ಲ, ಈ ಇಸವಿ ಸರಿಯಾ, ಇನ್ನೊಂದು ಪ್ಯಾರಾ ಬೇಕಿತ್ತು ಅಂತ. ನೀವು ಸರಿ ಮಾಡಬೇಕು. ಚೆನ್ನಾಗಿ ಬಂದಿದೆ ಅನ್ನಿಸಿದರೆ ‘ಸ್ಕೌಟ್’ ಅನ್ನೋ ಸ್ವಯಂಸೇವಕರು ಅದನ್ನು ಆರಿಸುತ್ತಾರೆ. ಆಮೇಲೆ ಒಬ್ಬ ಸಬ್ ಎಡಿಟರ್ ಕೈಗೆ ಹೋಗುತ್ತದೆ. ಅವರೂ ಸಂಬಳ ಇಲ್ಲದೆ ಕೆಲಸ ಮಾಡೋರು. ಕೊನೆಗೆ ಆಫೀಸಿನ ಸಂಪಾದಕರು ನೋಡಿ ಪ್ರಕಟಿಸುತ್ತಾರೆ. ಇವರ ಹೆಸರು ಓರೆ ಅಕ್ಷರದಲ್ಲಿ ಕಾಣುತ್ತಿದ್ದದ್ದಕ್ಕೆ ಎಲ್ಲರೂ ‘ಇಟಾಲಿಕ್ಸ್’ ಅಂತಲೇ ಕರೆಯುತ್ತಿದ್ದರು. ಪ್ರಕಟವಾದ ಬರಹದ ಪಕ್ಕದಲ್ಲಿ ಬರೆದವರ ಹೆಸರು ಇರುತ್ತಿತ್ತು. ಅದರ ಜೊತೆಗೇ ತಿದ್ದಿದವರ ಹೆಸರೂ ಇರುತ್ತಿತ್ತು. ಕರಡು ತಿದ್ದುವವರನ್ನು ಕೇಳಿ ನೋಡಿ, ಇದು ಎಷ್ಟು ದೊಡ್ಡ ಮಾತು ಅಂತ ಹೇಳುತ್ತಾರೆ.

ಬರಹದ ನಿಯಮಗಳೂ ಚೆನ್ನಾಗಿದ್ದವು. ನಿಜವಾದ ವಿಷಯ ಬರೆಯಿರಿ, ಕಲ್ಪನೆ ಬೇಡ. ನಿಮ್ಮ ಮಾತಲ್ಲೇ ಬರೆಯಿರಿ. ‘ನಾನು’ ‘ನನ್ನ’ ಬೇಡ. ತಮಾಷೆ ಇರಲಿ, ಆದರೆ ವಿಷಯ ಬಿಟ್ಟು ಹೋಗಬೇಡಿ. ಆಶ್ಚರ್ಯ ಏನಂದರೆ ‘ನಾನು’ ಅನ್ನೋ ಪದ ಇಲ್ಲದಿದ್ದರೂ ಬರೆದವರ ದನಿ ಕೇಳಿಸುತ್ತಿತ್ತು. ಅಡಿಟಿಪ್ಪಣಿಗಳಲ್ಲಿ ಅಂತೂ ಪಕ್ಕದಲ್ಲಿ ಕೂತು ಕಿವಿಯಲ್ಲಿ ಹೇಳಿದ ಹಾಗೆ. ರೈಲ್ವೆ ಸ್ಟೇಷನ್ ಬಗ್ಗೆ ಬರೆದವರು ಆ ಸ್ಟೇಷನ್ನಿನಲ್ಲಿ ಮಳೆಗೆ ನೆನೆದವರು ಅಂತ ಗೊತ್ತಾಗುತ್ತಿತ್ತು. ವಿಕಿಪೀಡಿಯವನ್ನು ನಾನು ದಿನಕ್ಕೆ ಹತ್ತು ಸಲ ತೆರೆಯುತ್ತೇನೆ, ಅದಿಲ್ಲದೆ ನನ್ನ ಕೆಲಸ ನಡೆಯೋದಿಲ್ಲ. ಆದರೆ ಅಲ್ಲಿ ನನಗೆ ಯಾರ ದನಿಯೂ ಕೇಳಿಸೋದಿಲ್ಲ.

ನಾನೂ ಒಂದು ಬರಹ ಇಟ್ಟಿದ್ದೆ. ಫಿಲ್ಟರ್ ಕಾಫಿ ಬಗ್ಗೆ. ನಮ್ಮ ಅಜ್ಜಿ ಮನೆಯ ಹಿತ್ತಾಳೆ ಫಿಲ್ಟರ್, ಮೇಲಿನ ಪಾತ್ರೆಯ ತೂತು, ಪುಡಿಯನ್ನು ಒತ್ತೋ ಚಿಕ್ಕ ತಟ್ಟೆ, ಚಿಕೋರಿ ಎಷ್ಟು ಹಾಕಬೇಕು ಅನ್ನೋ ಜಗಳ, ಎಲ್ಲ ಬರೆದಿದ್ದೆ. ಎರಡು ದಿನದಲ್ಲಿ ಪ್ರಶ್ನೆಗಳು ಬಂದವು. ಒಬ್ಬರು ‘ಹಿತ್ತಾಳೆಗೂ ಸ್ಟೀಲಿಗೂ ರುಚಿ ಬೇರೆ ಆಗುತ್ತಾ?’ ಅಂತ ಕೇಳಿದರು. ಇನ್ನೊಬ್ಬರು ಲೋಟದಿಂದ ದವರಕ್ಕೆ ಎತ್ತಿ ಹೊಯ್ಯೋದು ಆರಿಸೋಕೋ ನೊರೆ ಬರಿಸೋಕೋ ಅಂತ. ಮತ್ತೊಬ್ಬರು ಆಡಮ್ಸ್ ಚಹಾ ಬರಹವನ್ನೇ ನೆನಪಿಸಿ, ನಿಮ್ಮ ನೀರು ಕುದಿಯುತ್ತಿರಬೇಕಾ, ಕುದಿದು ಸ್ವಲ್ಪ ಆರಿರಬೇಕಾ ಅಂದರು. ಕೊನೆಯ ಪ್ರಶ್ನೆ ಡಿಕಾಕ್ಷನ್ ಇಳಿಯೋಕೆ ಎಷ್ಟು ನಿಮಿಷ ಅಂತ. ನನಗೆ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಯಾರು ಗಡಿಯಾರ ನೋಡುತ್ತಿದ್ದರು? ರಾತ್ರಿ ಹಾಕಿಟ್ಟರೆ ಬೆಳಗ್ಗೆ ಇರುತ್ತಿತ್ತು.

ಯಾರೂ ನನ್ನ ಇಂಗ್ಲಿಷ್ ಬಗ್ಗೆ ಒಂದು ಮಾತು ಆಡಲಿಲ್ಲ. ತಪ್ಪು ಇದ್ದ ಕಡೆ ‘ಹೀಗೆ ಹೇಳಿದರೆ ಹೇಗೆ?’ ಅಂತ ಇನ್ನೊಂದು ಸಾಲು ಬರೆದು ಕೊಟ್ಟರು. ನನ್ನ ವಾಕ್ಯವನ್ನು ಅವರೇ ಬದಲಾಯಿಸಲಿಲ್ಲ. ಇವತ್ತು ನಾನು ಬೇರೆಯವರ ಕರಡಿನ ಅಂಚಿನಲ್ಲಿ ಪೆನ್ಸಿಲ್ಲಿನಿಂದ ‘ಹೀಗೆ ಆಗಬಹುದಾ?’ ಅಂತ ಬರೆಯೋದು ಅಲ್ಲಿಂದ ಕಲಿತದ್ದು.

ಅಷ್ಟರಲ್ಲಿ ಊರಿಗೆ ಬರಬೇಕಾಯಿತು. ಬರಹ ಅರ್ಧಕ್ಕೇ ನಿಂತಿತು. ಹೀಗೆ ಬರೆದವರು ಬಿಟ್ಟುಹೋದ ಬರಹಗಳಿಗೆ ಅಲ್ಲಿ ಒಂದು ಜಾಗ ಇತ್ತು, ‘ಫ್ಲೀ ಮಾರ್ಕೆಟ್’ ಅಂತ. ಹಳೆ ಸಾಮಾನಿನ ಸಂತೆ ಅಂದುಕೊಳ್ಳಿ. ಅಲ್ಲಿಂದ ಬೇರೆ ಯಾರಾದರೂ ಎತ್ತಿಕೊಂಡು ಮುಗಿಸಬಹುದು. ಮುಗಿಸಿದರೆ ಇಬ್ಬರ ಹೆಸರೂ ಇರುತ್ತದೆ. ಅನಾಥ ಬರಹಕ್ಕೂ ಒಂದು ಗತಿ ಕಾಣಿಸಬೇಕು ಅಂತ ಯೋಚನೆ ಮಾಡಿದ್ದರಲ್ಲ, ಅದು ನನಗೆ ತುಂಬಾ ದೊಡ್ಡದಾಗಿ ಕಂಡಿತ್ತು.

ಇಷ್ಟೆಲ್ಲ ಚೆನ್ನಾಗಿದ್ದದ್ದು ಯಾಕೆ ಸೊರಗಿತು?

ದುಡ್ಡು ಮೊದಲ ಕಾರಣ. ಡಾಟ್‌ಕಾಮ್ ಗುಳ್ಳೆ ಒಡೆದು ಇಂಟರ್ನೆಟ್ ಕಂಪನಿಗಳೆಲ್ಲ ಕುಸಿದಾಗ ಡಿಜಿಟಲ್ ವಿಲೇಜ್ ಕೈಯಲ್ಲಿ ನಡೆಸೋಕೆ ಆಗಲಿಲ್ಲ. 2001ರ ಆರಂಭದಲ್ಲಿ ಬಿಬಿಸಿ ತೆಗೆದುಕೊಂಡಿತು. ಉಳಿಸಿತು ಅಂತಲೇ ನಾನು ಹೇಳುತ್ತೇನೆ. ಅದೇ ವರ್ಷ ಮೇ 11ಕ್ಕೆ ಆಡಮ್ಸ್ ಹೃದಯಾಘಾತದಿಂದ ತೀರಿಕೊಂಡ. ಬರೀ 49 ವರ್ಷ. ನಾನು ಸೇರುವಾಗ ಅವನು ಇಲ್ಲದೆ ಎರಡು ವರ್ಷ ಆಗಿತ್ತು. ಆದರೂ ಹಳಬರು ಅವನ ಬಗ್ಗೆ ಮಾತಾಡೋದು ಕೇಳಿದರೆ ಪಕ್ಕದ ಕೋಣೆಯಲ್ಲಿ ಇದ್ದಾನೇನೋ ಅನ್ನಿಸುತ್ತಿತ್ತು.

ಬಿಬಿಸಿ ಅಂದಮೇಲೆ ಬಿಬಿಸಿ ನಿಯಮಗಳು. ಮೊದಮೊದಲು ಪ್ರತಿ ಸಾಲನ್ನೂ ಮಾಡರೇಟರ್‌ಗಳು ನೋಡುತ್ತಿದ್ದರು. ಆಮೇಲೆ ದೂರು ಬಂದದ್ದನ್ನು ಮಾತ್ರ. ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಬರೆಯುವ ಹಾಗಿಲ್ಲ ಅನ್ನೋ ನಿಯಮವೂ ಇತ್ತು. ಓದೋಕೆ ಬಾರದ ಭಾಷೆಯನ್ನು ಮಾಡರೇಟರ್‌ಗಳು ಪರೀಕ್ಷಿಸೋದು ಹೇಗೆ, ಅದು ಅವರ ಕಷ್ಟ. ನನಗೆ ಅರ್ಥ ಆಗುತ್ತದೆ. ಆದರೆ ಲೋಕದ ಎಲ್ಲರೂ ಬರೆಯೋ ಪುಸ್ತಕ ಅಂತ ಹೊರಟದ್ದು ಒಂದೇ ಭಾಷೆಯೊಳಗೆ ಉಳಿದುಬಿಟ್ಟಿತು. ಅದೇ 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಯಿತು. ನನ್ನ ಪ್ರಕಾರ ಎರಡರ ದಾರಿ ಬೇರೆಯಾಗಿದ್ದು ಇಲ್ಲೇ.

ಇನ್ನೊಂದು ಕಾರಣ ಒಳಗೇ ಇತ್ತು. ಅದನ್ನು ಹೇಳೋಕೆ ಬೇಜಾರಾಗುತ್ತದೆ, ಯಾಕೆಂದರೆ ನಾನು ಹೊಗಳಿದ ವಿಷಯವೇ ಅದು. ತಿದ್ದಿ, ಆರಿಸಿ, ಮತ್ತೆ ತಿದ್ದಿ ಪ್ರಕಟಿಸಿದ ಬರಹಕ್ಕೆ ಬೀಗ ಬಿದ್ದ ಹಾಗೆ. ಆಮೇಲೆ ಬದಲಾಯಿಸಬೇಕಂದರೆ ಮತ್ತೆ ಸಂಪಾದಕರ ಹತ್ತಿರ ಹೋಗಬೇಕು. ಪುಸ್ತಕಕ್ಕೆ ಇದು ಸರಿ. ಊರಿನ ಬಸ್ಸು, ಟಿಕೆಟ್ ಬೆಲೆ, ಹೋಟೆಲ್ ಬಗ್ಗೆ ಬರೆದದ್ದಕ್ಕೆ ಹೇಗೆ ಸರಿಯಾಗುತ್ತದೆ? ವಿಕಿಪೀಡಿಯದಲ್ಲಿ ತಪ್ಪು ಕಂಡವರು ಆ ಕ್ಷಣಕ್ಕೆ ಸರಿ ಮಾಡಿ ಹೋಗುತ್ತಿದ್ದರು. ಬರಹಗಳ ಹಕ್ಕಿನ ವಿಷಯವೂ ಹಾಗೇ. ಇಲ್ಲಿ ಬರೆದವರ ಹಕ್ಕು ಬರೆದವರದ್ದೇ. ನ್ಯಾಯವಾದ ಮಾತು. ಆದರೆ ಯಾರೂ ಅದನ್ನು ತೆಗೆದುಕೊಂಡು ಬೆಳೆಸೋ ಹಾಗಿರಲಿಲ್ಲ. ವಿಕಿಪೀಡಿಯದ ಪಠ್ಯವನ್ನು ಯಾರು ಬೇಕಾದರೂ ಬಳಸಬಹುದು. ಅದು ಊರೆಲ್ಲ ಹಬ್ಬಿತು.

ಈ ಜಾಗಕ್ಕಾಗಿ ಕಟ್ಟಿದ ತಂತ್ರಾಂಶ ಮಾತ್ರ ಚೆನ್ನಾಗಿ ಬಾಳಿತು. ಅದಕ್ಕೆ ಡಿಎನ್ಎ ಅಂತ ಹೆಸರು. ಡಗ್ಲಸ್ ನೋಯೆಲ್ ಆಡಮ್ಸ್ ಹೆಸರಿನ ಮೊದಲಕ್ಷರಗಳೂ ಅವೇ. ಎರಡನೇ ಮಹಾಯುದ್ಧ ಕಂಡವರ ನೆನಪುಗಳನ್ನು ಬಿಬಿಸಿ ಜನರಿಂದಲೇ ಬರೆಸಿದ್ದು ಇದೇ ತಂತ್ರಾಂಶದಲ್ಲಿ. ಸುಮಾರು 47,000 ನೆನಪುಗಳು ಸೇರಿದವು.

2011ರ ಜನವರಿಯಲ್ಲಿ ಬಿಬಿಸಿ ತನ್ನ ಆನ್‌ಲೈನ್ ಖರ್ಚನ್ನು ಶೇಕಡಾ 25ರಷ್ಟು ಕಡಿತ ಮಾಡೋದಾಗಿ ಹೇಳಿತು. ಎಚ್2ಜಿ2ವನ್ನು ಬೇರೆಯವರಿಗೆ ವಹಿಸಿಕೊಡೋದು ಅಂತ ಆಯಿತು. ಆಗ ಬರೆಯುವವರೇ ಒಂದು ಗುಂಪು ಕಟ್ಟಿಕೊಂಡರು. ಆಡಮ್ಸ್ ಜೊತೆ ಡಿಜಿಟಲ್ ವಿಲೇಜ್ ಕಟ್ಟಿದ್ದ ರಾಬಿ ಸ್ಟಾಂಪ್ ಮುಂದೆ ಬಂದರು. ಹೊಸ ಕಂಪನಿಗೆ ‘ನಾಟ್ ಪ್ಯಾನಿಕಿಂಗ್ ಲಿಮಿಟೆಡ್’ ಅಂತ ಹೆಸರಿಟ್ಟರು. ಅದೇ ವರ್ಷ ಮನೆ ಬದಲಾಯಿತು. ಹನ್ನೆರಡು ವರ್ಷದ ಬರಹ, ಮಾತುಕತೆ ಎಲ್ಲ ಗಂಟುಕಟ್ಟಿ ಹೊರಟ ಹಾಗೆ. ಸುಮ್ನೆ ಮುಚ್ಚಿಹೋಗೋದನ್ನು ಓದುಗರೇ ತಡೆದರು. ಇದು ದಿನಾ ನಡೆಯೋ ಮಾತಲ್ಲ.

ಈಗ ಹೇಗಿದೆ? ಮೆಲ್ಲಗಿದೆ. ಹೊಸ ಬರಹ ಕಡಿಮೆ, ಹಳೆಯದು ಜಾಸ್ತಿ. ಸ್ವಯಂಸೇವಕರೇ ನಡೆಸುತ್ತಿದ್ದಾರೆ. ಊರಿನ, ಪ್ರಯಾಣದ ಬರಹ ಓದುವಾಗ ಮೊದಲು ಮೇಲಿನ ತಾರೀಖು ನೋಡಿ. 2002 ಅಂತ ಇದ್ದರೆ ಆ ಬಸ್ಸು ಈಗ ಓಡದೇ ಇರಬಹುದು. ಇತಿಹಾಸ, ಅಡುಗೆ, ಪ್ರಾಣಿ ಪಕ್ಷಿ, ಹಳೆ ಆಟಗಳು ಇಂಥವನ್ನು ಧಾರಾಳವಾಗಿ ಓದಬಹುದು. ಅಡಿಟಿಪ್ಪಣಿ ಬಿಡಬೇಡಿ, ಅರ್ಧ ರುಚಿ ಅಲ್ಲೇ ಇದೆ. ಅಂಕ ಕೊಡು ಅಂದರೆ ಇವತ್ತಿನ ಮಾಹಿತಿಗೆ ಐದಕ್ಕೆ ಎರಡು. ಬರವಣಿಗೆಗೆ ನಾಲ್ಕು. ಬರೆಯುವವರನ್ನು ಕೈಹಿಡಿದು ನಡೆಸಿದ ರೀತಿಗೆ ಐದಕ್ಕೆ ಐದು, ಅದರಲ್ಲಿ ನಾನು ಅರ್ಧ ಅಂಕವನ್ನೂ ಕಡಿಮೆ ಮಾಡಲಾರೆ. ಬರೆಯೋಕೆ ಕಲಿಯುತ್ತಿರುವ ಮಕ್ಕಳಿಗೆ ನಾನು ಹಳೆಯ ಪಿಯರ್ ರಿವ್ಯೂ ಮಾತುಕತೆಗಳನ್ನು ಓದಿ ಅಂತಲೇ ಹೇಳುತ್ತೇನೆ. ಒಂದು ಬರಹ ಮೊದಲು ಹೇಗಿತ್ತು, ಹೇಗಾಯಿತು ಅಂತ ಅಲ್ಲಿ ಕಾಣುತ್ತದೆ.

ನನ್ನ ಕಾಫಿ ಬರಹ ಹುಡುಕಿದೆ. ಯಾರೂ ಎತ್ತಿಕೊಂಡಿಲ್ಲ. ಪ್ರಶ್ನೆಗಳು ಹಾಗೇ ಇವೆ. ಇವತ್ತು ಬೆಳಗ್ಗೆ ಅಜ್ಜಿಯ ಫಿಲ್ಟರ್ ತೊಳೆದು, ಮೂರು ಚಮಚ ಪುಡಿ ಹಾಕಿ, ಕುದಿಯುವ ನೀರು ಸುರಿದು, ಫೋನಿನಲ್ಲಿ ಹೊತ್ತು ನೋಡುತ್ತಾ ಪಕ್ಕದಲ್ಲೇ ನಿಂತೆ. ಕೊನೆಯ ಹನಿ ಬಿದ್ದಾಗ ಇಪ್ಪತ್ತೆರಡು ನಿಮಿಷ ಆಗಿತ್ತು. ಆ ಪ್ರಶ್ನೆಯ ಕೆಳಗೆ ಉತ್ತರ ಬರೆದಿದ್ದೇನೆ.