12 ಬೋರಿನ ಜೋಡುನಳಿಗೆ ಕೋವಿ: ತೋಟಕ್ಕೆ ಸರಿ, ಮನೆಯೊಳಗೆ?

ಮಲೆನಾಡಿನಲ್ಲಿ ಕೋವಿಗೆ ಅರ್ಜಿ ಹಾಕುವವರು ಬೆಳೆ ರಕ್ಷಣೆಯ ಕಾರಣವನ್ನೇ ಮುಂದಿಟ್ಟರೂ, ಮನಸ್ಸಿನ ಮೂಲೆಯಲ್ಲಿ ಒಂಟಿಮನೆಯ ಭಯವೂ ಇರುತ್ತದೆ. ಕೂಗಿದರೆ ಓಗೊಡುವಷ್ಟು ಹತ್ತಿರದಲ್ಲಿ ಇನ್ನೊಂದು ಮನೆಯಿಲ್ಲದ ಕಡೆ, ಮಕ್ಕಳು ಬೆಂಗಳೂರಿಗೋ ಅಮೆರಿಕಕ್ಕೋ ಹೋಗಿ ವಯಸ್ಸಾದ ಇಬ್ಬರೇ ಉಳಿದಿರುವಾಗ, ಆ ಭಯವನ್ನು ತಳ್ಳಿಹಾಕಲಾಗದು. ನಮ್ಮ ಮನೆಯಲ್ಲಿ ತಂದೆಯ ಕಾಲದಿಂದ ಇರುವ, ಈಗ ನನ್ನ ಹೆಸರಿನ ಪರವಾನಗಿಯಲ್ಲಿರುವ 12 ಬೋರಿನ ಜೋಡುನಳಿಗೆ ಕೋವಿಯನ್ನು ಇಲ್ಲಿ ಮನೆ ಕಾಯುವ ಸಾಧನವಾಗಿ ಮಾತ್ರ ಪರೀಕ್ಷಿಸಿದ್ದೇನೆ. ತೋಟದ ಅಂಚಿನಲ್ಲಿ ಇದಕ್ಕೆ ಸಮನಾದದ್ದು ಕಡಿಮೆ. ಮನೆಯೊಳಗೆ ಇದನ್ನು ನಂಬುವುದು ತಪ್ಪು ಲೆಕ್ಕ ಎಂಬುದು ನನ್ನ ಅಭಿಪ್ರಾಯ.

ಸ್ವರಕ್ಷಣೆಗೆ ಕಾನೂನೇ ಒಪ್ಪುವ ಆಯುಧ ಇದು ಎಂಬ ವಾದದಲ್ಲಿ ಹುರುಳಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್, ನಳಿಗೆ 20 ಇಂಚಿಗಿಂತ ಕಡಿಮೆಯಿಲ್ಲದ ನಯ ನಳಿಗೆಯ (ಅಂದರೆ ಇದರಂತೆ ನಳಿಗೆಯೊಳಗೆ ಸುರುಳಿ ಗೀರುಗಳಿಲ್ಲದ) ಕೋವಿಯನ್ನು ರಕ್ಷಣೆಗೋ ಕ್ರೀಡೆಗೋ ಕೇಳುವ ನಾಗರಿಕನಿಗೆ, ನಿರಾಕರಿಸಲು ಬೇರೆ ಕಾರಣವಿಲ್ಲದಿದ್ದರೆ, ಪರವಾನಗಿ ಕೊಡಬೇಕೆನ್ನುತ್ತದೆ. ರಿವಾಲ್ವರ್ ಕೇಳುವವನಿಗೆ ಇಷ್ಟು ಔದಾರ್ಯವಿಲ್ಲ. ಪೊಲೀಸ್ ವರದಿ, ಜಿಲ್ಲಾಧಿಕಾರಿ ಕಚೇರಿ, 2016ರ ನಿಯಮಗಳು ಹೇಳುವ ತರಬೇತಿ ಪ್ರಮಾಣಪತ್ರ ಇವೆಲ್ಲ ಮುಗಿಯಲು ತಾಳ್ಮೆ ಬೇಕು. ಆದರೂ ಒಮ್ಮೆ ಸಿಕ್ಕ ಪರವಾನಗಿ 2019ರ ತಿದ್ದುಪಡಿಯ ನಂತರ ಮೂರರ ಬದಲು ಐದು ವರ್ಷ ನಡೆಯುತ್ತದೆ. ಅದೇ ತಿದ್ದುಪಡಿ, ಒಬ್ಬರು ಇಟ್ಟುಕೊಳ್ಳಬಹುದಾದ ಆಯುಧಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು.

ಯಂತ್ರವಾಗಿ ಇದರ ಮೇಲೆ ನನಗೆ ಗೌರವವಿದೆ. ಮೇಲಿನ ಸನ್ನೆಯನ್ನು ಹೆಬ್ಬೆರಳಿನಿಂದ ತಳ್ಳಿದರೆ ನಳಿಗೆ ಮಡಿಚಿಕೊಂಡು, ಒಳಗೆ ತೋಟಾ ಇದೆಯೋ ಇಲ್ಲವೋ ಎಂಬುದು ಕಣ್ಣಿಗೇ ಕಾಣುತ್ತದೆ. ಇಷ್ಟು ಬೇಗ, ಇಷ್ಟು ಖಚಿತವಾಗಿ ಬರಿದಾಗಿದೆಯೆಂದು ತಿಳಿಯಬಹುದಾದ ಬಂದೂಕು ಬೇರೆ ಇಲ್ಲವೆಂದೇ ಹೇಳಬೇಕು. ಕೆಡುವ ಭಾಗಗಳು ಕಡಿಮೆ. ಮಳೆಗಾಲದ ನಾಲ್ಕು ತಿಂಗಳು ಎಣ್ಣೆ ಬಟ್ಟೆಯಿಂದ ಒರೆಸುತ್ತಿದ್ದರೆ ತುಕ್ಕು ಹತ್ತದು. ಹಿಂದಿನ ಕಾಗದದ ತೋಟಾಗಳು ಆಷಾಢದ ಥಂಡಿಗೆ ಉಬ್ಬಿ ನಳಿಗೆಯೊಳಗೆ ಹೋಗಲು ತಕರಾರು ಮಾಡುತ್ತಿದ್ದವು. ಪ್ಲಾಸ್ಟಿಕ್ ತೋಟಾಗಳಿಗೆ ಆ ಕಾಟವಿಲ್ಲ. ಹಂದಿ, ಮಂಗ, ಆನೆಗಳನ್ನು ಸದ್ದಿನಿಂದ ಓಡಿಸುವ ಕೆಲಸಕ್ಕೆ ಗಾಳಿಯಲ್ಲಿ ಹಾರಿಸಿದ ಒಂದು ಈಡು ಸಾಕಾಗುತ್ತದೆ. ಪ್ರಾಣಿಯ ಮೇಲೆಯೇ ಹಾರಿಸಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಎದುರಾಗುತ್ತದೆ ಎಂಬುದನ್ನು ನೆನಪಿಡಬೇಕು.

ಮನೆಯೊಳಗಿನ ಕಥೆ ಬೇರೆ. ಚರೆ, ಅಂದರೆ ಸಣ್ಣ ಗುಂಡುಗಳು ತುಂಬಿದ ತೋಟಾ ಹಾರಿಸುವಾಗ ಗುರಿಯಿಡಬೇಕಾಗಿಲ್ಲ, ಎದುರಿಗೆ ತಿರುಗಿಸಿದರೆ ಸಾಕು ಎಂಬ ನಂಬಿಕೆ ನಮ್ಮಲ್ಲಿ ವ್ಯಾಪಕವಾಗಿದೆ. ಚರೆ ಗಜ ದೂರಕ್ಕೆ ಸುಮಾರು ಒಂದಿಂಚಿನಂತೆ ಹರಡುತ್ತದೆ ಎಂಬುದು ಈಡುಗಾರರ ಒರಟು ಲೆಕ್ಕ. ಆ ಲೆಕ್ಕದಂತೆ, ಐದಾರು ಗಜದ ಹಜಾರದಲ್ಲಿ ಅದು ಐದಾರು ಇಂಚಿಗಿಂತ ಹೆಚ್ಚೇನೂ ಹರಡುವುದಿಲ್ಲ. ಕತ್ತಲಲ್ಲಿ, ನಡುಗುವ ಕೈಯಲ್ಲಿ ಗುರಿ ತಪ್ಪುವ ಸಾಧ್ಯತೆಯೇ ಹೆಚ್ಚು. 28ರಿಂದ 30 ಇಂಚಿನ ನಳಿಗೆಗೆ ಹಿಂಬದಿಯ ಮರವೂ ಸೇರಿದರೆ ಕೋವಿಯ ಉದ್ದ ನಾಲ್ಕಡಿಯ ಹತ್ತಿರ ಬರುವುದರಿಂದ, ಹಳೆಯ ಮನೆಗಳ ಗಿಡ್ಡ ಬಾಗಿಲು, ಕಿರಿದಾದ ಓಣಿ, ಅಟ್ಟದ ಮೆಟ್ಟಿಲುಗಳ ನಡುವೆ ಅದನ್ನು ತಿರುಗಿಸಲು ಜಾಗ ಸಾಲದು. ತೋಟಾ ತುಂಬದೆ, ಹಗಲಿನಲ್ಲಿ, ಮಲಗುವ ಕೋಣೆಯಿಂದ ಮುಂಬಾಗಿಲವರೆಗೆ ಇದನ್ನು ಹಿಡಿದು ನಡೆದು ನೋಡಿದರೆ ಯಾರಿಗಾದರೂ ಇದು ಗೊತ್ತಾಗುತ್ತದೆ. ಜಂಬಿಟ್ಟಿಗೆಯ ಗೋಡೆ ದಪ್ಪ ಚರೆಯನ್ನು ತಡೆದೀತು. ಹಲಗೆಯ ಬಾಗಿಲು, ಅಡ್ಡಗೋಡೆಯಂತೆ ನಿಲ್ಲಿಸಿದ ಪ್ಲೈವುಡ್ ತಡೆಯಲಾರವು, ಮತ್ತು ಅವುಗಳ ಆಚೆ ಮಲಗಿರುವವರು ನಮ್ಮವರೇ.

ಎಲ್ಲಕ್ಕಿಂತ ದೊಡ್ಡ ತೊಡಕು ಇಡುವ ಜಾಗದ್ದು. ಕೋವಿಯನ್ನು ಬೀಗ ಹಾಕಿದ ಕಬ್ಬಿಣದ ಬೀರುವಿನಲ್ಲಿ, ತೋಟಾಗಳನ್ನು ಬೇರೆಡೆ ಬೀಗದೊಳಗೆ ಇಡುವುದು ಸರಿಯಾದ ಕ್ರಮ. ಹೀಗಿಟ್ಟರೆ ಹಿಂಬಾಗಿಲು ಮುರಿಯುವ ಸದ್ದು ಕೇಳಿ ಎಚ್ಚರವಾದ ಮನುಷ್ಯ ಎರಡು ಬೀಗದ ಕೈ ಹುಡುಕಿ, ಕನ್ನಡಕ ಹಾಕಿಕೊಂಡು, ತೋಟಾ ತುಂಬುವ ಹೊತ್ತಿಗೆ ಬಂದವರು ನಡುಮನೆಯಲ್ಲಿರುತ್ತಾರೆ. ಕ್ಷಣದಲ್ಲಿ ಕೈಗೆ ಸಿಗಲೆಂದು ತುಂಬಿದ ಕೋವಿಯನ್ನು ಮಂಚದ ಬದಿಯಲ್ಲಿ ಇಟ್ಟರೆ, ಅದು ಮೊಮ್ಮಗುವಿನ ಕೈಗೂ, ಕುಡಿದು ಜಗಳವಾಡುವವನ ಕೈಗೂ, ಮನಸ್ಸು ಮುರಿದವರ ಕೈಗೂ ಅಷ್ಟೇ ಸುಲಭವಾಗಿ ಸಿಗುತ್ತದೆ.

ಅಮೆರಿಕದ ಕೋವಿ ವಾದವೂ ಬಂದು ನಿಂತಿದ್ದು ಇಲ್ಲಿಯೇ. ಮನೆಯಲ್ಲಿರುವ ಬಂದೂಕನ್ನು ಬರಿದು ಮಾಡಿ, ಬಿಡಿ ಭಾಗಗಳಾಗಿಸಿ ಅಥವಾ ಬೀಗ ಹಾಕಿಯೇ ಇಡಬೇಕೆಂಬ ವಾಷಿಂಗ್ಟನ್ ನಗರದ ನಿಯಮವನ್ನು ಅಲ್ಲಿನ ಸುಪ್ರೀಂ ಕೋರ್ಟ್ 2008ರಲ್ಲಿ ಹೆಲ್ಲರ್ ಪ್ರಕರಣದಲ್ಲಿ ರದ್ದು ಮಾಡಿತು. ಹಾಗಿಟ್ಟರೆ ಸ್ವರಕ್ಷಣೆ ಅಸಾಧ್ಯ ಎಂಬುದು ಬಹುಮತದ ತರ್ಕ. ತರ್ಕ ಸರಿಯೇ ಇರಬಹುದು, ಲೆಕ್ಕ ಮಾತ್ರ ಕಹಿಯಾಗಿದೆ. 2021ರಲ್ಲಿ ಆ ದೇಶದಲ್ಲಿ ಗುಂಡಿಗೆ ಬಲಿಯಾದ 48,830 ಜನರಲ್ಲಿ 26,328 ಮಂದಿಯದು ಆತ್ಮಹತ್ಯೆ. ಮನೆಯಲ್ಲಿ ಬಂದೂಕಿದ್ದರೆ ಮನೆಯೊಳಗೆ ಕೊಲೆಯಾಗುವ ಅಪಾಯ 2.7 ಪಟ್ಟು ಹೆಚ್ಚು ಎಂದು ಕೆಲರ್‌ಮನ್ ಮತ್ತು ಸಂಗಡಿಗರ 1993ರ ಅಧ್ಯಯನ ಹೇಳಿತು. ಅಪಾಯ ಇರುವವರೇ ಬಂದೂಕು ಕೊಳ್ಳುತ್ತಾರೆ, ಬಂದೂಕಿನಿಂದಲೇ ಅಪಾಯ ಬಂತೆನ್ನುವುದು ಹೇಗೆ ಎಂಬ ಆಕ್ಷೇಪ ಅದರ ಮೇಲಿದೆ, ಮತ್ತು ಅದು ನ್ಯಾಯವಾದ ಆಕ್ಷೇಪವೇ. ಆದರೆ ಆತ್ಮಹತ್ಯೆಯ ಅಂಕಿಗಳಿಗೆ ಅಂಥ ಸುಲಭ ಉತ್ತರವಿಲ್ಲ. ಅಲ್ಲಿರುವ ನಮ್ಮ ಮಕ್ಕಳು ನೆರೆಮನೆಯವರನ್ನು ನೋಡಿ ತಾವೂ ಒಂದು ತರಲೇ ಎಂದು ಕೇಳಿದಾಗ ಹಿರಿಯರು ಈ ಆತ್ಮಹತ್ಯೆಯ ಅಂಕಿಯನ್ನು ಹೇಳುವುದು ಒಳ್ಳೆಯದು.

ಹಾರಿಸಿದ ಮೇಲಿನ ಪರಿಣಾಮವನ್ನೂ ಕೊಳ್ಳುವ ಮೊದಲೇ ಯೋಚಿಸಬೇಕು. ಭಾರತೀಯ ನ್ಯಾಯ ಸಂಹಿತೆಯ 41ನೇ ಸೆಕ್ಷನ್ ಪ್ರಕಾರ ಆಸ್ತಿಯ ರಕ್ಷಣೆಗಾಗಿ ಪ್ರಾಣ ತೆಗೆಯುವ ಮಟ್ಟಿಗೆ ಹೋಗಬಹುದಾದದ್ದು ದರೋಡೆ, ಸೂರ್ಯಾಸ್ತದ ನಂತರ ಮನೆ ಮುರಿದು ನುಗ್ಗುವುದು, ವಾಸದ ಮನೆಗೆ ಬೆಂಕಿಯಿಡುವುದು, ಜೀವಕ್ಕೋ ತೀವ್ರ ಗಾಯಕ್ಕೋ ಸಕಾರಣ ಭಯ ಹುಟ್ಟಿಸುವ ಕಳವು ಇಂಥ ಸಂದರ್ಭಗಳಲ್ಲಿ ಮಾತ್ರ. ಕಣದಲ್ಲಿ ಒಣಹಾಕಿದ ಅಡಿಕೆಯನ್ನೋ ಮೆಣಸನ್ನೋ ಚೀಲಕ್ಕೆ ತುಂಬಿಕೊಂಡು ಓಡುವವನ ಬೆನ್ನಿಗೆ ಹಾರಿಸಿದವನಿಗೆ ಈ ಆಸರೆಯಿಲ್ಲ. 37ನೇ ಸೆಕ್ಷನ್, ಅಗತ್ಯಕ್ಕಿಂತ ಹೆಚ್ಚಿನ ಹಾನಿ ಮಾಡುವ ಹಕ್ಕು ಯಾರಿಗೂ ಇಲ್ಲವೆನ್ನುತ್ತದೆ. ನಮ್ಮ ಕಡೆ ಕಳ್ಳತನವೆಂದರೆ ಬಹುಪಾಲು ಕಣದ ಕಳ್ಳತನವೇ ಆಗಿರುವಾಗ, ಕೋವಿಯನ್ನು ಕಾನೂನಿನ ಒಳಗಿದ್ದು ಬಳಸಬಹುದಾದ ರಾತ್ರಿಗಳು ತೀರಾ ಅಪರೂಪ.

ಇನ್ನೊಂದು ಕೊರತೆ ನಮ್ಮ ಚುನಾವಣೆಗಳಿಂದ ಬರುವಂಥದು. ಚುನಾವಣೆ ಘೋಷಣೆಯಾದರೆ ಕೋವಿಯನ್ನು ಠಾಣೆಗೋ ಅಧಿಕೃತ ಅಂಗಡಿಗೋ ಒಪ್ಪಿಸಬೇಕೆಂಬ ಸೂಚನೆ ಬರುತ್ತದೆ. 2024ರ ಲೋಕಸಭಾ ಚುನಾವಣೆಯ ನೀತಿಸಂಹಿತೆ ಮಾರ್ಚ್ 16ರಿಂದ ಜೂನ್ ಮೊದಲ ವಾರದವರೆಗೆ ಇತ್ತು. ಹಲಸಿನ ವಾಸನೆಗೆ ಆನೆ ತೋಟಕ್ಕಿಳಿಯುವ ಕಾಲವೂ ಅದೇ. ವಿನಾಯಿತಿ ಕೇಳಲು ಪರಿಶೀಲನಾ ಸಮಿತಿಯಿದೆ, ಅರ್ಜಿಯೊಂದಿಗೆ ಓಡಾಡುವ ಶಕ್ತಿಯಿರಬೇಕು ಅಷ್ಟೇ. ಅಂದಮೇಲೆ ಮನೆಯ ರಕ್ಷಣೆಯನ್ನೆಲ್ಲ ಇದರ ಮೇಲೆ ಹೊರಿಸಿದವನು ಅಷ್ಟು ದಿನ ಏನು ಮಾಡಬೇಕು?

ಕೊಡಗಿನವರ ಮಾತು ಬೇರೆ. ಕೋವಿ ಪರವಾನಗಿಯಿಂದ ಅಲ್ಲಿನವರಿಗೆ 1861ರಿಂದ ಬಂದ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ವಿಸ್ತರಿಸಿದೆ, ರಾಜ್ಯ ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿದಿದೆ. ಅಲ್ಲಿ ಕೋವಿ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್‌ನಂದು ಪೂಜೆಗೊಳ್ಳುವ, ಹುಟ್ಟು ಸಾವುಗಳನ್ನು ಊರಿಗೆ ಸಾರುವ ವಸ್ತು. ಅದನ್ನು ಕಳ್ಳರ ಲೆಕ್ಕದಲ್ಲಿ ತೂಗುವುದು ಸರಿಯಾಗದು. ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರಲ್ಲಿ ಮಹಿಳೆಯರ ಸ್ವರಕ್ಷಣೆಗೆಂದು ಹೊರತಂದ ಅರ್ಧ ಕಿಲೋ ತೂಕದ ‘ನಿರ್ಭೀಕ್’ ರಿವಾಲ್ವರ್ ಗಾತ್ರದ ತೊಡಕನ್ನೇನೋ ನೀಗುತ್ತದೆ. ಆಗಿನ ಬೆಲೆಯೇ 1.22 ಲಕ್ಷ ರೂಪಾಯಿ ದಾಟಿತ್ತು, ಬೀಗದ ಪ್ರಶ್ನೆ ಹಾಗೆಯೇ ಉಳಿದಿತ್ತು.

ಆದ್ದರಿಂದ ಮನೆಗೆಂದೇ ಹಣವಿಟ್ಟಿರುವವರು ಮೊದಲು ಹಿಂಬಾಗಿಲಿಗೆ ಕಬ್ಬಿಣದ ಗ್ರಿಲ್, ಅಂಗಳಕ್ಕೆ ಬ್ಯಾಟರಿಯ ದೀಪ, ಎರಡು ನಾಯಿ, ಮತ್ತು ಸಿಗ್ನಲ್ ಸಿಗುವ ಮೂಲೆಯಲ್ಲಿ 112ಕ್ಕೆ ಕರೆ ಮಾಡಬಲ್ಲ ಫೋನು ಇವನ್ನು ನೋಡಿಕೊಳ್ಳಲಿ. ಖಿನ್ನತೆಯಿಂದ ಬಳಲುವವರೋ ಕುಡಿತಕ್ಕೆ ಬಿದ್ದವರೋ ಇರುವ ಮನೆಗೆ ಕೋವಿ ಬೇಡವೇ ಬೇಡ; ಈಗಾಗಲೇ ಇದ್ದರೆ ಅಧಿಕೃತ ಅಂಗಡಿಯ ಸುಪರ್ದಿಗೆ ಕೊಡಬಹುದು. ತೋಟಕ್ಕಾಗಿ ಹಳೆಯದನ್ನು ಕೊಳ್ಳುವವರು ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ತುಕ್ಕಿನ ಗುಳಿಗಳಿವೆಯೇ ನೋಡಬೇಕು, ಮಡಿಚುವ ಕೀಲು ಅಲುಗಾಡದಂತಿರಬೇಕು, ತೋಟಾ ಕೂರುವ ಭಾಗ 65 ಮಿ.ಮೀ. ಉದ್ದವಿರುವ ನಳಿಗೆಗೆ 70 ಮಿ.ಮೀ. ತೋಟಾ ಹಾಕಲೇಬಾರದು. ತಂದೆಯ ಕೋವಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬಯಸುವವರಿಗೆ 2016ರ ನಿಯಮಗಳಲ್ಲಿ ದಾರಿಯಿದೆ: ಪರವಾನಗಿದಾರರಿಗೆ 70 ವರ್ಷ ತುಂಬಿದ್ದರೆ, ಅಥವಾ ಕೋವಿ ಅವರ ಬಳಿ 25 ವರ್ಷ ಇದ್ದರೆ, ಅವರು ಬದುಕಿರುವಾಗಲೇ ವಾರಸುದಾರರು ಅರ್ಜಿ ಹಾಕಬಹುದು.