ಬೋರ್‌ವೆಲ್ ಪಾಯಿಂಟ್ ನೋಡೋರಿಂದ ಉಲ್ಕೆ ಗುಂಡಿ ತಪಾಸಣೆ, ಶಿರಸಿ: 4 ಸ್ಟಾರ್

ನಮ್ಮ ಬೆಟ್ಟದಲ್ಲಿರೋ ದುಂಡಗಿನ ಗುಂಡಿ ಉಲ್ಕೆ ಬಿದ್ದು ಆಗಿದ್ದು ಅಂತ ಊರವ್ರ ವಾದ, ಅದಕ್ಕೇ ಬೋರ್‌ವೆಲ್ ಪಾಯಿಂಟ್ ನೋಡೋರನ್ನ ಕರೆಸಿದ್ವಿ. ನಾಲ್ಕು ಲೋಹದ ಗೂಟ ಸಾಲಾಗಿ ಹೊಡೆದು ಹೊರಗಿನೆರಡಕ್ಕೆ ಕರೆಂಟ್ ಬಿಟ್ಟು ಒಳಗಿನೆರಡರ ಮಧ್ಯೆ ವೋಲ್ಟೇಜ್ ಅಳೀತಾರೆ, ಗೂಟ ದೂರ ಸರಿಸಿದಷ್ಟೂ ಆಳದಲ್ಲಿ ಎಂಥ ಕಲ್ಲು-ಮಣ್ಣು ಇದೆ ಅಂತ ಗೊತ್ತಾಗತ್ತೆ. ಪಕ್ಕದ್ಮನೆ ಹುಡುಗ ಅಯಸ್ಕಾಂತಕ್ಕೆ ಕಲ್ಲು ಅಂಟ್ತು ಅಂತ ಕುಣಿದ್ರೆ, ಪಾಯಿಂಟ್ ನೋಡೋರು 'ತಮಾ, ಚಿರೇಕಲ್ಲಿನ ಹರಳೂ ಅಂಟ್ತು' ಅಂದ್ರು, ಅಲ್ಲೇ ನಂಗೆ ನಂಬಿಕೆ ಬಂತು ಮಾರಾಯ್ರೆ. ಎಸ್ಟೋನಿಯಾದ 'ಕಾಲಿ' ಅನ್ನೋ ಉಲ್ಕೆ ಕುಳಿ 110 ಮೀಟರ್ ಅಗಲ, ಅದನ್ನೂ 1937ರಲ್ಲಿ ಕಬ್ಬಿಣದ ಉಲ್ಕೆ ಚೂರು ಸಿಕ್ಕಮೇಲೇ ಖಾತ್ರಿ ಮಾಡಿದ್ದು. ಉಲ್ಕೆ ಬಿದ್ದಿದ್ರೆ ಅಂಚು ಎದ್ದು, ಕೆಳಗಿನ ಕಲ್ಲು ನುಚ್ಚಾಗಿರ್ಬೇಕು; ನಮ್ಮಲ್ಲಿ ಅಂಚು ಎದ್ದೇ ಇಲ್ಲ, ತಳದಡಿ ನುಚ್ಚಾದ ಕಲ್ಲಿನ ಪದರವೂ ಕಾಣ್ಲಿಲ್ಲ, ಹಳೇ ಚಿರೇಕಲ್ಲು ಕ್ವಾರಿನೇ ಇರ್ಬೇಕು. ಕೆಲಸ ಚೊಕ್ಕ, ರಿಪೋರ್ಟ್ ಮಾತ್ರ ಸಿಕ್ಕಾಪಟ್ಟೆ ಲೇಟು, ಗ್ರಾಫಿಗೆ ಒಂದ್ಸಾಲು ವಿವರಣೆನೂ ಇಲ್ಲ, ಫೋನಲ್ಲೇ ಕೇಳಿ ತಿಳ್ಕೊಳ್ಳಿ.