ಜಾನ್ ಲಾಕ್‌ನ ‘ಎಸ್ಸೇ’: ಮೂರನೇ ಭಾಗ ಇಲ್ಲದ ಪ್ರತಿ ಕೊಳ್ಳಬೇಡಿ

ಮೊದಲು ನಾನು ಆನ್‌ಲೈನಲ್ಲಿ ಇಂಗ್ಲಿಷ್ ತತ್ವಜ್ಞಾನಿ ಲಾಕ್‌ನ ಈ ಪುಸ್ತಕದ ಅಗ್ಗದ ಪ್ರತಿಯೊಂದನ್ನು ತರಿಸಿದೆ. ನನಗೆ ಬೇಕಿದ್ದದ್ದೇ ಮೂರನೇ ಭಾಗ. ಅದನ್ನೇ ಮುಕ್ಕಾಲುಪಾಲು ಕತ್ತರಿಸಿ ಹಾಕಿದ್ದರು, ‘ಸಂಕ್ಷಿಪ್ತ’ ಅಂತ ಮುಖಪುಟದಲ್ಲಿ ಒಂದು ಮಾತೂ ಇರಲಿಲ್ಲ. ತುಂಬಾ ಬೇಜಾರಾಯ್ತು. ವಾಪಸ್ ಕಳಿಸಿ, ಪೀಟರ್ ನಿಡಿಚ್ ಸಂಪಾದಿಸಿದ 1975ರ ಆಕ್ಸ್‌ಫರ್ಡ್ ಆವೃತ್ತಿ ತಗೊಂಡೆ. ಇದರಲ್ಲಿ ಪೂರ್ತಿ ಇದೆ.

‘ಆ್ಯನ್ ಎಸ್ಸೇ ಕನ್ಸರ್ನಿಂಗ್ ಹ್ಯೂಮನ್ ಅಂಡರ್‌ಸ್ಟ್ಯಾಂಡಿಂಗ್’ (ಮನುಷ್ಯನ ತಿಳಿವಳಿಕೆ ಕುರಿತ ಪ್ರಬಂಧ) ಹೊರಬಂದದ್ದು 1689ರ ಕೊನೆಗೆ. ಒಟ್ಟು ನಾಲ್ಕು ಭಾಗ. ಮೂರನೆಯದು ಪೂರ್ತಿಯಾಗಿ ಪದಗಳ ಬಗ್ಗೆಯೇ.

ಅದರ 9ನೇ ಅಧ್ಯಾಯದಲ್ಲಿ ಬರುವ ಒಂದು ಪ್ರಸಂಗ ಹೇಳಲೇಬೇಕು. ಲಾಕ್ ವೈದ್ಯಕೀಯ ಓದಿದವನು. ಒಮ್ಮೆ ದೊಡ್ಡ ದೊಡ್ಡ ವೈದ್ಯರ ನಡುವೆ ಕೂತಿದ್ದಾಗ, ನರಗಳ ಎಳೆಯೊಳಗೆ ‘ಲಿಕರ್’ ಹರಿಯುತ್ತದೋ ಇಲ್ಲವೋ ಅಂತ ವಾದ ಶುರುವಾಗುತ್ತದೆ. (ಆಗ ಲಿಕರ್ ಅಂದರೆ ದ್ರವ, ಈಗಿನ ಬಾರಿನದ್ದಲ್ಲ.) ಎರಡೂ ಕಡೆಯವರು ಪಟ್ಟು ಬಿಡುವುದಿಲ್ಲ. ಆಗ ಲಾಕ್ ಕೇಳುತ್ತಾನೆ: ಮುಂದುವರಿಯುವ ಮೊದಲು ಲಿಕರ್ ಅಂದರೆ ಏನು ಅಂತ ತೀರ್ಮಾನ ಮಾಡಿಕೊಳ್ಳೋಣವಾ? ಅವರಿಗೆ ಆಶ್ಚರ್ಯ, ಅದು ಯಾರಿಗೆ ಗೊತ್ತಿಲ್ಲ ಅಂತ. ಕೂತು ನೋಡಿದರೆ ಒಬ್ಬೊಬ್ಬರ ತಲೆಯಲ್ಲೂ ಆ ಪದಕ್ಕೆ ಒಂದೊಂದು ಅರ್ಥ. ನರದಲ್ಲಿ ಏನೋ ಸೂಕ್ಷ್ಮವಾದದ್ದು ಹರಿಯುತ್ತದೆ ಅನ್ನುವುದರಲ್ಲಿ ಅವರಿಗೆ ಹೆಚ್ಚು ಭೇದವೇ ಇರಲಿಲ್ಲ, ಜಗಳವೆಲ್ಲ ಅದನ್ನು ಲಿಕರ್ ಅನ್ನಬೇಕೋ ಬೇಡವೋ ಅನ್ನುವುದಕ್ಕೆ! ಈ ಪುಟವನ್ನು ನಾನು ಮೂರು ಸಲ ಓದಿದೆ.

10ನೇ ಅಧ್ಯಾಯ ಪದಗಳ ದುರ್ಬಳಕೆಯದ್ದು. ಒಂದೇ ವಾದದಲ್ಲಿ ಒಂದೇ ಪದವನ್ನು ಒಮ್ಮೆ ಒಂದು ಅರ್ಥಕ್ಕೆ, ಇನ್ನೊಮ್ಮೆ ಇನ್ನೊಂದಕ್ಕೆ ಬಳಸುವವರ ಮೇಲೆ ಅವನಿಗೆ ಬಹಳ ಸಿಟ್ಟು. ವ್ಯವಹಾರದಲ್ಲಿ ಯಾರಾದರೂ ತನಗೆ ಲಾಭ ಆಗುವ ಹಾಗೆ ಎಂಟನ್ನು ಒಮ್ಮೆ ಏಳು, ಒಮ್ಮೆ ಒಂಬತ್ತು ಅಂದರೆ ಜನ ಸುಮ್ನೆ ಬಿಡ್ತಾರಾ, ಆದರೆ ಪಂಡಿತರ ವಾದದಲ್ಲಿ ಅದನ್ನೇ ಜಾಣತನ ಅಂತಾರೆ ಅನ್ನುತ್ತಾನೆ. ಎಷ್ಟು ನಿಜ ಅಲ್ವಾ?

ಒಪ್ಪಲಾಗದ್ದೂ ಇದೆ. ಇದೇ ಅಧ್ಯಾಯದ ಕೊನೆಗೆ ಅಲಂಕಾರದ ಮಾತೆಲ್ಲ ಮೋಸ ಅಂತ ಬೈದು, ಮರುಕ್ಷಣವೇ ವಾಕ್ಚಾತುರ್ಯವನ್ನು ಹೆಣ್ಣಿನ ಚೆಲುವಿಗೆ ಹೋಲಿಸುತ್ತಾನೆ. ಹೋಲಿಕೆಯೂ ಚೆನ್ನಾಗಿಲ್ಲ, ವಾದವೂ ಅಲ್ಲೇ ಸಡಿಲವಾಗುತ್ತದೆ.

ನಾಲ್ಕನೇ ಭಾಗದ 17ನೇ ಅಧ್ಯಾಯವನ್ನೂ ಬಿಡಬೇಡಿ. ಇವತ್ತು ‘ಆಡ್ ಹಾಮಿನೆಮ್’ ಅಂದರೆ ಆಳನ್ನೇ ಬೈಯುವುದು ಅಂದುಕೊಂಡಿದ್ದೇವೆ. ಲಾಕ್‌ಗೆ ಅದು ಬೇರೆ: ಎದುರಾಳಿ ಒಪ್ಪಿಕೊಂಡ ಮಾತಿನಿಂದಲೇ ಅವನನ್ನು ಕಟ್ಟಿಹಾಕುವುದು. ಹಾಗೆ ಗೆದ್ದರೂ ಗೆದ್ದವನ ಮಾತು ನಿಜ ಅಂತ ಸಾಬೀತಾಗುವುದಿಲ್ಲ ಅಂತಲೂ ಹೇಳುತ್ತಾನೆ.

ನಿಡಿಚ್ ಆವೃತ್ತಿಯಲ್ಲಿ ಹಳೇ ಕಾಗುಣಿತವನ್ನು ಹಾಗೇ ಉಳಿಸಿದ್ದಾರೆ, ವಾಕ್ಯಗಳು ಉದ್ದ, ಮೊದಲ ವಾರ ಕಷ್ಟ ಆಗುತ್ತದೆ. ಮೊದಲ ಪುಟದಿಂದ ಹೊರಟರೆ ನಡುವೆ ಕೈಬಿಡುವ ಸಾಧ್ಯತೆ ಜಾಸ್ತಿ. ಮೂರನೇ ಭಾಗದ 9ನೇ ಅಧ್ಯಾಯದಿಂದ ಶುರು ಮಾಡಿ. ಕೊಳ್ಳುವ ಮುಂಚೆ ಪರಿವಿಡಿಯ ಫೋಟೋ ಕೇಳಿ, ಆ ಭಾಗದ 11 ಅಧ್ಯಾಯವೂ ಇದೆಯಾ ಅಂತ ಎಣಿಸಿ.